ರೋಟರ್‌ಗೆ ವೆಲ್ಡಿಂಗ್ ಮಾಡಬಹುದಾ?

ಸ್ಟೀಮ್ ಟರ್ಬೈನ್ ರೋಟರ್ (ಬ್ಲೇಡ್‌ಗಳನ್ನು ಹೊತ್ತು ತಿರುಗುವ ಉಕ್ಕಿನ ದಂಡ) ರಿಪೇರಿಗೆ ಬಂದರೆ ನಾನು ಮೊದಲು ನೋಡುವುದು ಲೋ ಪ್ರೆಷರ್ ಕಡೆ ಬ್ಲೇಡ್ ಕೂರುವ ಗ್ರೂವ್‌ಗಳನ್ನು. ಹಬೆ ಮೊದಲ ಸಲ ಹನಿಯಾಗುವುದು ಆ ಭಾಗದಲ್ಲಿ. ಬಾಯ್ಲರ್‌ನಿಂದ ತಪ್ಪಿಸಿಕೊಂಡು ಬಂದ ಕ್ಲೋರೈಡ್, ಕಾಸ್ಟಿಕ್ ಆ ಹನಿಗಳಲ್ಲೇ ಸೇರಿಕೊಳ್ಳುತ್ತವೆ. ಮೊದಲು ಸಾಸಿವೆ ಕಾಳಿನಷ್ಟು ಗುಂಡಿ. ಆಮೇಲೆ ಅದರ ತಳದಿಂದ ಕೂದಲೆಳೆಯಂಥ ಬಿರುಕು. ಬರಿಗಣ್ಣಿಗೆ ಕಾಣದು, ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯಲ್ಲಿ (ಉಕ್ಕನ್ನು ಕಾಂತೀಕರಿಸಿ ಕಬ್ಬಿಣದ ಪುಡಿ ಹಾಕಿ ನೋಡುವುದು) ಎದ್ದು ಕಾಣುತ್ತದೆ.

ಹೊಸ ರೋಟರ್ ಬರಲು ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ವೆಲ್ಡಿಂಗ್. ಬಿರುಕು ಪೂರ್ತಿ ಹೋಗುವವರೆಗೆ ಲೇತ್‌ನಲ್ಲಿ ಕೆತ್ತಿ, ರೋಟರ್ ಬಿಸಿ ಮಾಡಿ, ನಿಧಾನ ತಿರುಗಿಸುತ್ತಾ ಸಬ್‌ಮರ್ಜ್ಡ್ ಆರ್ಕ್‌ನಲ್ಲಿ (ಫ್ಲಕ್ಸ್ ಪುಡಿಯ ಹೊದಿಕೆಯಡಿ ಮಾಡುವ ವೆಲ್ಡಿಂಗ್) ಪದರದ ಮೇಲೆ ಪದರ ತುಂಬುತ್ತೇವೆ. ಮೂಲ ಉಕ್ಕಿನಲ್ಲಿ ನಿಕೆಲ್ ಸುಮಾರು 3.5%, ಕ್ರೋಮಿಯಂ 2%ಕ್ಕಿಂತ ಕಡಿಮೆ. ಅದನ್ನೇ ಮತ್ತೆ ತುಂಬಿದರೆ ಹಳೇ ಕಾಯಿಲೆ ಮತ್ತೆ ಬರುತ್ತೆ, ಅಲ್ವಾ? ಆದ್ದರಿಂದ ಗ್ರೂವ್ ಬರುವ ಜಾಗಕ್ಕೆ, ತುಕ್ಕನ್ನು ಚೆನ್ನಾಗಿ ತಡೆಯುವ, 12% ಕ್ರೋಮಿಯಂ ಇರುವ ವೆಲ್ಡಿಂಗ್ ತಂತಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನನಗೆ ಜಾಸ್ತಿ ಆತಂಕ ವೆಲ್ಡಿಂಗ್ ಬಗ್ಗೆ ಅಲ್ಲ, ನಂತರದ ಹೀಟ್ ಟ್ರೀಟ್‌ಮೆಂಟ್ ಬಗ್ಗೆ. ಶಾಖ ಕಡಿಮೆಯಾದರೆ ವೆಲ್ಡ್ ಪಕ್ಕದ ಉಕ್ಕು ಗಡುಸಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಮೂಲ ಉಕ್ಕಿನ ಬಲವೇ ಕುಗ್ಗುತ್ತದೆ. ಮಲಗಿಸಿ ಕಾಯಿಸಿದರೆ ಬಾಗುವ ಭಯವೂ ಇದೆ, ಹಾಗಾಗಿ ನೇರವಾಗಿ ನೇತು ಹಾಕಿ ಕಾಯಿಸುವುದು ಒಳ್ಳೆಯದು. ಆಮೇಲೆ ಅಲ್ಟ್ರಾಸಾನಿಕ್ ಪರೀಕ್ಷೆ, ಗ್ರೂವ್ ಮಷಿನಿಂಗ್, ಬ್ಲೇಡ್ ಜೋಡಣೆ, ಬ್ಯಾಲೆನ್ಸಿಂಗ್. ಜತೆಗೆ, ಆ ಕ್ಲೋರೈಡ್, ಕಾಸ್ಟಿಕ್ ಮತ್ತೆ ಬರುತ್ತಿವೆಯೇ ಎಂದು ನೋಡಲು, ಬಾಯ್ಲರ್ ನೀರಿನ ದಾಖಲೆಯನ್ನೂ ಕೇಳಿ ತರಿಸಿಕೊಳ್ಳುತ್ತೇನೆ.