ಹಲಂತದ ವಾರ

ಗುರುವಾರ, 14 ನವೆಂಬರ್ 2024
ಮೈಸೂರು

ಬಾಯಿ ಮುಚ್ಚಿಕೊಂಡು ಇವತ್ತಿಗೆ ಮೂರನೇ ದಿನ. ರಾಜ್ಯೋತ್ಸವದ ಭಾಷಣ, ಅದರ ಮೇಲೆ ಮಕ್ಕಳ ನಾಟಕದ ತಾಲೀಮು. ಗಂಟಲು ಪೂರ್ತಿ ಕಟ್ಟಿಹೋಯಿತು. ಏಳು ದಿನ ಮಾತು ಬೇಡ, ಪಿಸುಮಾತಂತೂ ಬೇಡವೇ ಬೇಡ ಅಂದಿದ್ದಾರೆ ಡಾಕ್ಟರು. ಶಾಲೆಯಲ್ಲಿ ಮಕ್ಕಳ ದಿನಾಚರಣೆ ನಡೆಯುತ್ತಿದ್ದರೆ ಕನ್ನಡ ಟೀಚರು ಮನೆಯಲ್ಲಿ ಸ್ಲೇಟು ಹಿಡಿದು ಕೂತಿದ್ದಾಳೆ.

ಬೆಳಿಗ್ಗೆ ಮಗಳು ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, "ಕೇಳಮ್ಮ, ಇವರೂ ನಿನ್ನ ಹಾಗೆ ಮೇಷ್ಟ್ರಾಗಿದ್ದವರು" ಅಂದಳು. ವಿಯೆನ್ನಾದ ಅರ್ನ್‌ಸ್ಟ್ ಯಾಂಡಲ್, 1957ರಲ್ಲಿ ಬರೆದ 'ಶ್ಟ್ಸ್‌ನ್‌ಗ್ರ್‌ಮ್ಮ್' ಕವಿತೆಯನ್ನು ತಾನೇ ಓದಿದ್ದು. ಸೈನಿಕರು ಅಡಗಿ ಕೂರುವ ಕಂದಕಕ್ಕೆ ಜರ್ಮನ್ನಿನಲ್ಲಿ 'ಶ್ಯುಟ್ಸೆನ್‌ಗ್ರಾಬೆನ್' ಅನ್ನುತ್ತಾರೆ. ಆ ಪದದ ಸ್ವರಗಳನ್ನೆಲ್ಲ ಕಿತ್ತೊಗೆದು, ಉಳಿದ ಮೂಳೆಗಳಲ್ಲೇ ಇಡೀ ಕವಿತೆ ಕಟ್ಟಿದ್ದಾನೆ. ಟ್-ಟ್-ಟ್-ಟ್ ಅಂದರೆ ಮೆಷಿನ್‌ಗನ್ನು. ಗ್ರ್ರ್ರ್‌ಮ್ಮ್ಮ್ ಅಂದರೆ, ನನ್ನ ಕಿವಿಗೆ, ಫಿರಂಗಿ. ನಡುನಡುವೆ 'ಶ್ಟ್', ಅಳುವ ಮಗುವಿನ ಬಾಯಿ ಮುಚ್ಚಿಸುವಾಗ ನಾವು 'ಶ್' ಅನ್ನುವುದಿಲ್ಲವೇ, ಹಾಗೆ. ಕಡೆಯ ಸಾಲು 'ಟ್-ಟ್ಟ್'. 'ಟೋಟ್' ಅಂದರೆ ಸತ್ತ ಅಂತ. ಆ ಓಕಾರವೂ ಹೋಗಿದೆ. ಎರಡನೇ ಮಹಾಯುದ್ಧದಲ್ಲಿ ಸ್ವತಃ ಸೈನಿಕನಾಗಿದ್ದವನು ಈತ.

ಸ್ಲೇಟಿನ ಮೇಲೆ ಬರೆದು ನೋಡಿದೆ, ನಗು ಬಂತು. ಅವರ ಲಿಪಿಯಲ್ಲಿ ಸ್ವರ ತೆಗೆದರೆ ಪದ ಗಿಡ್ಡವಾಗುತ್ತದೆ, ಅಷ್ಟೆ. ನಮ್ಮಲ್ಲಿ ಅಕಾರ ವ್ಯಂಜನದ ಹೊಟ್ಟೆಯಲ್ಲೇ ಇದೆ. ಅದನ್ನು ಹೊರಗಟ್ಟಲು ಒಂದೊಂದು ಅಕ್ಷರದ ತಲೆಗೂ ಒಂದು ಚಿಹ್ನೆ ಏರಿಸಿ ಹಲಂತ ಮಾಡಬೇಕು. ಕಳೆಯಲಿಕ್ಕೂ ಕೂಡಬೇಕು! ಇನ್ನು ಬಾಯಿ? ಬಸ್ಸನ್ನು, ಕಾರನ್ನು ಬರಿಯ ಬಸ್, ಕಾರ್ ಆಗಿ ಬಿಡದೆ ಬಾಲಕ್ಕೊಂದು ಉಕಾರ ಕಟ್ಟಿ ಕಳಿಸುವ ನಾಲಿಗೆ ಇದು.

ಆಮೇಲೆ ಪ್ಯಾರಿಸ್‌ನ ಆನ್ರಿ ಶೋಪ್ಯಾಂ, ಬರೀ ಸದ್ದಿನಲ್ಲೇ ಕವಿತೆ ಕಟ್ಟುತ್ತಿದ್ದ ಕವಿ. ಮೈಕನ್ನು ಬಾಯೊಳಕ್ಕೇ ಇಟ್ಟುಕೊಂಡು ಉಸಿರು, ಗುಟುಕು, ಗಂಟಲ ಕರಕರ ಎಲ್ಲ ಟೇಪಿಗೆ ಹಾಕಿದವನು. ದೊಡ್ಡ ಹೆಸರಂತೆ. ಎರಡು ನಿಮಿಷಕ್ಕೆ ನಿಲ್ಲಿಸಿದೆ. ಮೊನ್ನೆ ಡಾಕ್ಟರು ಗಂಟಲಿಗೆ ನಳಿಗೆ ಇಳಿಸಿದ್ದು ನೆನಪಾಯಿತು.

ಮಧ್ಯಾಹ್ನ ಒಂದು ವಿಷಯ ಹೊಳೆಯಿತು. ಕ್, ಟ್, ಪ್, ಶ್, ಸ್: ಇವೆಲ್ಲ ಅಘೋಷ. ಧ್ವನಿತಂತು ಅಲುಗುವುದೇ ಇಲ್ಲ, ಬರೀ ಉಸಿರು, ಹಲ್ಲು, ನಾಲಿಗೆ. ಗ್, ನ್, ಮ್, ರ್‌ಗಳಿಗೆ ಮಾತ್ರ ನಾದ ಬೇಕು. ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ ಇದನ್ನು, ಮಾರ್ಕ್ಸಿನ ಲೆಕ್ಕಕ್ಕೆ! ಅಂದರೆ ಯಾಂಡಲ್‌ನ ಕವಿತೆಯಲ್ಲಿ ಫಿರಂಗಿ ನನಗೆ ನಿಷಿದ್ಧ, ನರಳುವ ಹಾಗಿಲ್ಲ. ಗುಂಡು ಹಾರಿಸಬಹುದು, ಬಾಯಿ ಮುಚ್ಚಿಸಬಹುದು, ಸಾಯಲೂಬಹುದು.

ಬಾಗಿಲು ಮುಂದೆ ಮಾಡಿಕೊಂಡು ಸಾಲುಗಳ ನಡುವೆ ಸುಮ್ಮನಿರುತ್ತ, ಬರುವಷ್ಟನ್ನೇ ಹೇಳಿದೆ. ಆ ಸುಮ್ಮನಿರುವಾಗಲೇ ಹೊಟ್ಟೆ ಬಿಗಿಯುತ್ತಿತ್ತು. ಕಡೆಗೆ, ಟ್-ಟ್ಟ್.

ನಡುಮನೆಯಲ್ಲಿ ಅತ್ತೆ ಫೋನಿನಲ್ಲಿ ಯಾರದೋ ಮದುವೆಯ ಮಾತಾಡುತ್ತಿದ್ದರು. "ಈ ಸಲ ಕೂಡಿಬರುತ್ತೆ ನೋಡು" ಅಂದವರು ತಟ್ಟನೆ ನೆಲಕ್ಕೆ ಬೆರಳು ಕುಟ್ಟಿ, "ಕೃಷ್ಣ ಕೃಷ್ಣ! ಹಲ್ಲೀನೂ ಲೊಚಗುಟ್ಟಿತು ಕಣೇ" ಅಂದರು.