ಇಷ್ಟು ವರ್ಷದ ಉಬ್ಬಸ, ಇನ್ನೂ ಚೀಟಿ ಬೇಕಾ?

ನಮ್ಮ ಅಡುಗೆಮನೆ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಹಸಿರು, ಹಳದಿ, ಕೆಂಪು, ಮೂರು ಪಟ್ಟೆ. ನೋಡಿದವರು ಮೊದಲು ಮಕ್ಕಳ ಟೈಮ್‌ಟೇಬಲ್ ಅಂದುಕೊಳ್ಳುತ್ತಾರೆ. ನನ್ನ ಉಬ್ಬಸದ್ದು ಅಂತ ಗೊತ್ತಾದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: ‘20 ವರ್ಷದಿಂದ ದಮ್ಮು ಇದೆ, ಏನು ಮಾಡಬೇಕು ಅಂತ ಗೊತ್ತಿರಲ್ವಾ? ಬರೆದು ಅಂಟಿಸೋದು ಯಾಕೆ?’

ಗೊತ್ತು ಅಂತಲೇ ನಾನೂ ಅಂದುಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ಹರಿಹರದಲ್ಲಿ ತಂಗಿ ಮಗಳ ಮದುವೆ. ನೆಗಡಿ ಹಿಡಿದಿತ್ತು. ರಾತ್ರಿ ಕೆಮ್ಮು, ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸುಂಯ್ ಸುಂಯ್. ನೀಲಿ ಪಂಪ್, ಅಂದರೆ ತಕ್ಷಣಕ್ಕೆ ಉಸಿರು ಸಡಿಲಿಸೋ ಇನ್ಹೇಲರ್, ಒತ್ತಿಕೊಂಡೆ, ಹಗುರಾಯಿತು. ಮತ್ತೆ ಬಿಗಿ, ಮತ್ತೆ ಪಂಪ್. ಮೂರು ದಿನ ಹೀಗೇ. ಮದುವೆ ಮುಗೀಲಿ ಅಂತ ಮುಂದೂಡಿದೆ. ಆರತಕ್ಷತೆ ರಾತ್ರಿ ಒಂದು ಮಾತು ಪೂರ್ತಿ ಆಡಲಾಗದೆ ಮಂಚದ ಅಂಚು ಹಿಡಿದು ಕೂತಿದ್ದೆ. ನಮ್ಮನೆಯವರು ‘ಆಸ್ಪತ್ರೆಗೆ ಹೋಗೋಣ’ ಅಂದರೆ ಬೇಡ ಅಂತ ಕೈ ಆಡಿಸಿದೆ. ಅವರೂ ನನ್ನ ಮಾತು ಕೇಳಿ ಸುಮ್ಮನಿದ್ದುಬಿಟ್ಟರು, ಬೆಳಗಿನ ಜಾವದವರೆಗೆ.

ಉಬ್ಬಸ ನಿಧಾನಕ್ಕೆ ಏರುತ್ತೆ, ನಾವು ಅದಕ್ಕೆ ಒಗ್ಗಿಕೊಂಡುಬಿಡುತ್ತೇವೆ. ಉಸಿರಿಗೆ ಒದ್ದಾಡುವವರ ಕೈಗೆ ತೀರ್ಮಾನ ಕೊಡಬಾರದು. ಆರಾಮಾಗಿದ್ದ ದಿನವೇ ಡಾಕ್ಟರ ಎದುರು ಕೂತು ಅದನ್ನು ಬರೆಸಿಕೊಂಡಿರಬೇಕು. ಅದಕ್ಕೇ ಈ ಚೀಟಿ.

ಪೀಕ್ ಫ್ಲೋ ಮೀಟರ್ ಅಂತ, ಊದೋ ಉಸಿರಿನ ರಭಸ ಅಳೆಯೋ ಒಂದು ಪ್ಲಾಸ್ಟಿಕ್ ಕೊಳವೆ ಇದೆ. ಒಂದೇ ದಮ್ಮಿಗೆ ಜೋರಾಗಿ ಊದಿದರೆ ಮುಳ್ಳು ಮೇಲೇರುತ್ತೆ. ಚೆನ್ನಾಗಿದ್ದಾಗ ಎರಡು ವಾರ ದಿನಾ ಊದಿದೆ. ನನ್ನ ಅತಿ ಹೆಚ್ಚು 400. ನಿಮ್ಮದು ಬೇರೆ ಇರುತ್ತೆ. ಅದರ ಶೇ. 80, ಅಂದರೆ 320ರ ಮೇಲೆ ಹಸಿರು: ದಿನದ ಸ್ಟೀರಾಯ್ಡ್ ಇನ್ಹೇಲರ್ ಬಿಡದೆ ಎಳೆಯೋದು, ಬಾಯಿ ಮುಕ್ಕಳಿಸೋದು, ಅಷ್ಟೇ. 200ರಿಂದ 320 ಹಳದಿ. ರಾತ್ರಿ ಕೆಮ್ಮಿ ಎಚ್ಚರವಾದರೂ ಹಳದಿಯೇ. ಆಗ ಔಷಧಿ ಎಷ್ಟು ಏರಿಸಬೇಕು ಅಂತ ಡಾಕ್ಟರು ಬರೆದಿದ್ದಾರೆ. ಎರಡು ದಿನದಲ್ಲಿ ಹಸಿರಿಗೆ ಬರದಿದ್ದರೆ ಅವರಿಗೆ ಫೋನ್. 200ಕ್ಕಿಂತ ಕೆಳಗೆ, ಇಲ್ಲವೇ ಮಾತು ತುಂಡಾದರೆ, ತುಟಿ ನೀಲಿಯಾದರೆ ಕೆಂಪು: 108ಕ್ಕೆ ಫೋನ್, ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸೋ ಡಬ್ಬಿಯಂಥ ಕೊಳವೆ) ಹಾಕಿ ನೀಲಿ ಪಂಪ್ ಒಂದೊಂದಾಗಿ 4 ಸಲ, ಗಾಡಿ ಬರುವವರೆಗೆ 20 ನಿಮಿಷಕ್ಕೊಮ್ಮೆ ಮತ್ತೆ. ಅದರ ಕೆಳಗೆ ನಾನೇ ಒಂದು ಸಾಲು ಸೇರಿಸಿದ್ದೇನೆ: ‘ನಾನು ಬೇಡ ಅಂದರೂ ಕರೆದುಕೊಂಡು ಹೋಗಿ.’

ಆವತ್ತು ನನ್ನನ್ನು ಕೆಡಿಸಿದ್ದು ನೀಲಿ ಪಂಪಿನ ಆರಾಮವೇ. ಅದರಲ್ಲಿರುವ ಸಾಲ್ಬುಟಮಾಲ್ ಬಿಗಿದ ಉಸಿರುನಾಳವನ್ನು ನಾಲ್ಕೈದು ಗಂಟೆ ಸಡಿಲಿಸುತ್ತೆ. ಒಳಗಿನ ಊತ ಹಾಗೇ ಇರುತ್ತೆ. ಊತ ಇಳಿಸೋದು ಸ್ಟೀರಾಯ್ಡ್. ನೀಲಿಯೊಂದನ್ನೇ ನೆಚ್ಚಿಕೊಳ್ಳಬೇಡಿ ಅಂತ ಜಗತ್ತಿನ ಆಸ್ತಮಾ ತಜ್ಞರ ‘ಜಿನಾ’ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ.

ಮೃಗಶಿರ ಮಳೆ ಹೊತ್ತಿಗೆ ‘ಹೈದರಾಬಾದಿಗೆ ಹೋಗಿ ದಮ್ಮಿಗೆ ಅಂತ ಕೊಡೋ ಮೀನು ನುಂಗಿ ಬನ್ನಿ’ ಅನ್ನುವವರೂ ಇದ್ದಾರೆ. ಹೋಗೋದು ಬಿಡೋದು ನಿಮ್ಮಿಷ್ಟ, ಇನ್ಹೇಲರ್ ಮಾತ್ರ ಮನೇಲಿ ಬಿಟ್ಟು ಹೋಗಬೇಡಿ.

ಹಾಳೆಯ ಕೊನೆಗೆ ನನಗೆ ಆಗದವುಗಳ ಪಟ್ಟಿ: ಮಂಡಕ್ಕಿ ಭಟ್ಟಿ ಹೊಗೆ, ಭತ್ತದ ಕೊಯ್ಲಿನ ಧೂಳು, ಒಣಮೆಣಸಿನಕಾಯಿ ಘಾಟು. ದಾವಣಗೆರೆಯಲ್ಲಿದ್ದು ಮಂಡಕ್ಕಿ ಮಿರ್ಚಿ ಬಿಡೋಕಾಗಲ್ಲ, ಭಟ್ಟಿ ಕಡೆ ಹೋಗೋದು ಬಿಡಬಹುದು ಅಲ್ವಾ?

ಕಳೆದ ಜನವರಿಯಲ್ಲಿ ಆ ಕಡೆ ನೆಂಟರ ಮನೆಗೆ ಹೋಗಿದ್ದೆ. ರಾತ್ರಿ ಎರಡು ಸಲ ಕೆಮ್ಮಿ ಎದ್ದೆ. ಬೆಳಿಗ್ಗೆ ಊದಿದರೆ 270. ‘ಏನಿಲ್ಲ, ಚಳಿಗೆ’ ಅಂತ ರೊಟ್ಟಿ ಹಿಟ್ಟಿಗೆ ಕೈ ಹಾಕಿದೆ. ಅತ್ತೆ ಮೀಟರ್ ಇಸ್ಕೊಂಡು, ಕನ್ನಡಕ ಏರಿಸಿ, ಹಾಳೆ ಮೇಲೆ ಬೆರಳಿಟ್ಟು ಓದಿದರು.

‘ಹಳದಿ ಐತಲ್ಲವ್ವಾ. ರೊಟ್ಟಿ ನಾ ಬಡೀತೀನಿ, ನೀ ಹೋಗಿ ಪಂಪ್ ತಗಾ.’

ಮೂರನೇ ದಿನ 360 ಬಂತು.