ಹಳೆ ಕಟ್ಟಡ ಒಡೆಯುವ ಮೊದಲು: ಆಸ್‌ಬೆಸ್ಟಾಸ್ ಸರ್ವೆಯಲ್ಲಿ ಕಣ್ತಪ್ಪುವ ಜಾಗಗಳು

ಆಸ್‌ಬೆಸ್ಟಾಸ್ ನಾರಿನಂಥ ಎಳೆಗಳಿರುವ ಖನಿಜ; ಕಟ್ಟಡದಲ್ಲಿ ಅದು ಎಲ್ಲೆಲ್ಲಿದೆ ಎಂದು ಹುಡುಕುವುದೇ ಆಸ್‌ಬೆಸ್ಟಾಸ್ ಸರ್ವೆ. ಅದರ ವರದಿ ಕೈಗೆ ಬಂದಾಗ ಬಹಳಷ್ಟು ಮಂದಿ ನೇರವಾಗಿ ‘ಎಲ್ಲೆಲ್ಲಿ ಸಿಕ್ಕಿದೆ’ ಎಂಬ ಪುಟ ತೆರೆಯುತ್ತಾರೆ. ಮೊದಲು ಓದಬೇಕಾದದ್ದು ಎಲ್ಲೆಲ್ಲಿ ನೋಡಲು ಆಗಲಿಲ್ಲ ಎಂಬ ಪುಟ. ಬೀಗ ಹಾಕಿದ್ದ ಕೋಣೆ, ಏಣಿ ಎಟುಕದ ಚಾವಣಿ, ಕರೆಂಟ್ ಹರಿಯುತ್ತಿದ್ದುದರಿಂದ ಬಿಚ್ಚದೆ ಬಿಟ್ಟ ಫ್ಯೂಸ್ ಬೋರ್ಡು ಎಲ್ಲ ಅಲ್ಲಿರುತ್ತವೆ. ಕೆಲಸ ಶುರುವಾದ ಮೇಲೆ ಡ್ರಿಲ್ ನುಗ್ಗುವುದೂ ಇಂಥ ಜಾಗಗಳಿಗೇ. ತೆರೆಯದ ಜಾಗದಲ್ಲಿ ಆಸ್‌ಬೆಸ್ಟಾಸ್ ಇದೆ ಎಂದೇ ಲೆಕ್ಕ. ತೆರೆದು, ಮಾದರಿ ತೆಗೆದು, ಲ್ಯಾಬ್‌ನಲ್ಲಿ ಪರೀಕ್ಷಿಸಿದ ಮೇಲಷ್ಟೇ ಇಲ್ಲ ಎನ್ನಬಹುದು.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಇಲ್ಲಿ ತಪ್ಪು ತಕ್ಷಣ ಗೊತ್ತಾಗುವುದಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವ ಆಸ್‌ಬೆಸ್ಟಾಸ್ ಎಳೆಗಳ ದಪ್ಪ 3 ಮೈಕ್ರಾನ್‌ಗಿಂತ ಕಡಿಮೆ. ಕಣ್ಣಿಗೆ ಕಾಣವು, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ಮುಖ್ಯವಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮದಂಥ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 50 ವರ್ಷಗಳ ನಂತರ. ಗೋಡೆ ಒಡೆದ ಕೆಲಸಗಾರ ಆ ದಿನ ಆರಾಮಾಗಿ ಮನೆಗೆ ಹೋದ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಸರ್ವೆಯಲ್ಲಿ ಎರಡು ಬಗೆ. ಕಟ್ಟಡ ಬಳಕೆಯಲ್ಲಿರುವಾಗ, ಕಣ್ಣಿಗೆ ಕಾಣುವ ಮತ್ತು ಸುಲಭವಾಗಿ ಕೈಗೆ ಸಿಗುವ ವಸ್ತುಗಳನ್ನು ಗುರುತಿಸಿ ನಿಗಾ ಇಡಲು ಮಾಡುವುದು ಒಂದು. ನವೀಕರಣಕ್ಕೋ ಕೆಡವುವುದಕ್ಕೋ ಮೊದಲು ಮಾಡುವುದು ಇನ್ನೊಂದು. ಈ ಎರಡನೆಯದು ಒಡೆದು ನೋಡುವ ಸರ್ವೆ: ಗೋಡೆಗೆ ತೂತು ಕೊರೆಯಬೇಕು, ನೆಲಹಾಸು ಎಬ್ಬಿಸಬೇಕು, ಫಾಲ್ಸ್ ಸೀಲಿಂಗ್ ಮೇಲೆ ತಲೆ ತೂರಿಸಬೇಕು, ಕೊಳವೆ ಹಾದುಹೋಗುವ ಪೆಟ್ಟಿಗೆ ಬಿಚ್ಚಬೇಕು. ಜನ ಕೂತು ಕೆಲಸ ಮಾಡುತ್ತಿರುವ ಕೋಣೆಯಲ್ಲಿ ಇದು ಸಾಧ್ಯವಿಲ್ಲ, ಜಾಗ ಖಾಲಿಯಿರಲೇಬೇಕು. ಮೊದಲ ಬಗೆಯ ಹಳೆ ವರದಿಯನ್ನೇ ಮುಂದಿಟ್ಟುಕೊಂಡು ಗೋಡೆ ಒಡೆಯಲು ಹೊರಡುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಆಗುವ ತಪ್ಪು. ಆ ವರದಿ ಸುಳ್ಳಲ್ಲ, ಅದನ್ನು ಬರೆದದ್ದು ಈ ಕೆಲಸಕ್ಕಲ್ಲ, ಅಷ್ಟೆ.

ಕಟ್ಟಿದ ವರ್ಷ ನೋಡಿ ತೀರ್ಮಾನಿಸುವುದೂ ಅಪಾಯ. ಆಸ್‌ಬೆಸ್ಟಾಸಿನಲ್ಲಿ ನೀಲಿ, ಕಂದು, ಬಿಳಿ ಎಂಬ ಬಗೆಗಳಿವೆ. ಬ್ರಿಟನ್ ನೀಲಿ ಮತ್ತು ಕಂದು ಆಸ್‌ಬೆಸ್ಟಾಸನ್ನು 1985ರಲ್ಲೂ ಬಿಳಿಯದನ್ನು 1999ರಲ್ಲೂ ನಿಷೇಧಿಸಿತು. ಆಸ್ಟ್ರೇಲಿಯಾದ ಪೂರ್ಣ ನಿಷೇಧ ಬಂದದ್ದು 2003ರ ಕೊನೆಯಲ್ಲಿ. ಕೆಲವು ದೇಶಗಳಲ್ಲಿ ಬಿಳಿ ಆಸ್‌ಬೆಸ್ಟಾಸಿನ ಸಿಮೆಂಟ್ ಶೀಟು ಇಂದಿಗೂ ಮಾರಾಟವಾಗುತ್ತದೆ. ಆಯಾ ದೇಶದ ನಿಷೇಧದ ವರ್ಷ ಗೊತ್ತಿದ್ದರೂ, ಗೋದಾಮಿನಲ್ಲಿ ಉಳಿದಿದ್ದ ಸರಕು ಆಮೇಲೆಯೂ ಬಳಕೆಯಾಗಿರಬಹುದು.

ಹಾಗಾದರೆ ಎಲ್ಲಿ ಹುಡುಕಬೇಕು? ಸುಕ್ಕು ಶೀಟಿನ ಚಾವಣಿ, ಸಿಮೆಂಟ್ ಕೊಳವೆ, ನೀರಿನ ತೊಟ್ಟಿ ಎಲ್ಲರಿಗೂ ಗೊತ್ತು. ಇವುಗಳಲ್ಲಿ ಆಸ್‌ಬೆಸ್ಟಾಸ್ ಸಾಮಾನ್ಯವಾಗಿ ಶೇ 10–15, ಎಳೆಗಳು ಸಿಮೆಂಟಿನಲ್ಲಿ ಬಿಗಿಯಾಗಿ ಹುದುಗಿರುತ್ತವೆ. ಒಡೆಯದೆ, ಕೊರೆಯದೆ, ಜೋರು ನೀರು ಹಾಯಿಸದೆ ಇದ್ದರೆ ಎಳೆ ಬಿಡುವುದು ಕಡಿಮೆ. ನಿಜವಾದ ಭಯ ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ವಸ್ತುಗಳದು: ಕಬ್ಬಿಣದ ತೊಲೆಗಳ ಮೇಲೆ ಬೆಂಕಿ ತಡೆಗೆ ಸಿಂಪಡಿಸಿದ ಲೇಪನ, ಬಾಯ್ಲರ್ ಮತ್ತು ಬಿಸಿನೀರಿನ ಕೊಳವೆಗೆ ಸುತ್ತಿದ ಶಾಖ ನಿರೋಧಕ. ಸಿಂಪಡಿಸಿದ ಲೇಪನದಲ್ಲಿ ಶೇ 85ರವರೆಗೂ ಆಸ್‌ಬೆಸ್ಟಾಸ್ ಇರಬಹುದು. ಇವೆರಡರ ನಡುವಿನದು ಇನ್ಸುಲೇಟಿಂಗ್ ಬೋರ್ಡು, ಅಂದರೆ ಶಾಖ ಮತ್ತು ಬೆಂಕಿ ತಡೆಗೆ ಆಸ್‌ಬೆಸ್ಟಾಸ್ ಬೆರೆಸಿ ಮಾಡಿದ ಹಲಗೆ. ಸಾಮಾನ್ಯ ಹಲಗೆಯಂತೆ ಬಣ್ಣ ಬಳಿದುಕೊಂಡು ಗೋಡೆ, ಸೀಲಿಂಗ್, ಬೆಂಕಿ ತಡೆಯುವ ಬಾಗಿಲುಗಳಲ್ಲಿ ಸುಮ್ಮನೆ ಕೂತಿರುತ್ತದೆ. ಸಿಮೆಂಟ್ ಶೀಟಿಗಿಂತ ಮೆದು, ಮುರಿದಾಗ ಬಿಡುವ ಎಳೆ ಬಹಳ ಹೆಚ್ಚು. ಬಡಗಿ ಇದನ್ನು ಪ್ಲೈವುಡ್ಡಿನಂತೆ ಗರಗಸದಲ್ಲಿ ಕೊಯ್ದರೆ ಆ ಕೋಣೆಯ ಕಥೆ ಮುಗಿಯಿತು.

ಅನುಭವಿ ಸರ್ವೆಯರ್ ಗುರುತು ಸಿಗುವುದು ಇನ್ನೂ ಸಣ್ಣ ಜಾಗಗಳಲ್ಲಿ. ನೇರ ಕೊಳವೆಗೆ ಗಾಜಿನ ಉಣ್ಣೆ ಸುತ್ತಿದ್ದರೂ ಮೊಣಕೈ ತಿರುವುಗಳಲ್ಲಿ ಕೈಯಿಂದ ಮೆತ್ತಿದ ಪೇಸ್ಟಿನಲ್ಲಿ ಆಸ್‌ಬೆಸ್ಟಾಸ್ ಇರುವುದು ತೀರಾ ಸಾಮಾನ್ಯ, ಆದ್ದರಿಂದ ತಿರುವಿಗೆ ಬೇರೆಯದೇ ಮಾದರಿ ಬೇಕು. ವಿನೈಲ್ ಟೈಲ್ಸ್ ಕೆಳಗಿನ ಕಪ್ಪು ಡಾಂಬರು ಅಂಟು, ಕಿಟಕಿಯ ಹಳೆ ಪುಟ್ಟಿ, ಬಾಯ್ಲರ್ ಬಾಗಿಲಿನ ಹಗ್ಗ, ಕೊಳವೆ ಜೋಡಣೆಯ ಗ್ಯಾಸ್ಕೆಟ್, ಫ್ಯೂಸ್ ಹಿಂದಿನ ಪಟ್ಟಿ, ಸ್ಟೀಲ್ ಸಿಂಕಿನ ಅಡಿಯ ಕಪ್ಪು ಲೇಪ ಒಂದೂ ಬಿಡುವಂತಿಲ್ಲ. ಹಿಂದೊಮ್ಮೆ ತೆಗೆಸಿದ್ದೇವೆ ಎನ್ನುವ ಕಟ್ಟಡದಲ್ಲಿ ಸೀಲಿಂಗ್ ಹಲಗೆಗಳ ಬೆನ್ನು ಮತ್ತು ಡಕ್ಟ್‌ಗಳ ತಳ ನೋಡಲೇಬೇಕು. ಹಳೆಯದನ್ನು ಕೆರೆದಾಗ ಉದುರಿದ ಚೂರುಗಳು ಅಲ್ಲೇ ಬಿದ್ದಿರುತ್ತವೆ, ಅವುಗಳ ಮೇಲೆ ಹೊಸ ನಿರೋಧಕ ಸುತ್ತಿ ಮುಚ್ಚಿರುತ್ತಾರೆ.

ಮಾದರಿ ತೆಗೆಯುವ ಕ್ರಮದಲ್ಲಿ ಅವಸರ ಸಲ್ಲದು. ಫ್ಯಾನು, ಏಸಿ ನಿಲ್ಲಿಸಿ, ಬೇರೆಯವರನ್ನು ಹೊರಗೆ ಕಳಿಸಿ. ಮುಖಕ್ಕೆ ಸರಿಯಾಗಿ ಕೂರುವ, ಅತಿ ಸಣ್ಣ ಧೂಳನ್ನೂ ತಡೆಯುವ ಪಿ3 ಅಥವಾ ಪಿ100 ದರ್ಜೆಯ ಫಿಲ್ಟರಿನ ಮಾಸ್ಕ್ ಬೇಕು. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ. ಬಟ್ಟೆಯ ಮಾಸ್ಕು, ಸರ್ಜಿಕಲ್ ಮಾಸ್ಕು ಲೆಕ್ಕಕ್ಕೇ ಇಲ್ಲ. ಬಳಸಿ ಬಿಸಾಡುವ ಕವರಾಲ್ ಹಾಕಿ, ಕೆಳಗೆ ಪಾಲಿಥಿನ್ ಹಾಸಿ, ಕೆಲವೇ ಹನಿ ಡಿಟರ್ಜೆಂಟ್ ಬೆರೆಸಿದ ನೀರನ್ನು ಮೆಲ್ಲಗೆ ಸಿಂಪಡಿಸಿ. ಬರೀ ನೀರು ಮೇಲೇ ನಿಲ್ಲುತ್ತದೆ, ಡಿಟರ್ಜೆಂಟ್ ಬೆರೆತರೆ ಒಳಗೆ ಇಳಿಯುತ್ತದೆ. ನಂತರ ಎಲ್ಲ ಪದರಗಳನ್ನೂ ದಾಟಿ ಕೊನೆಯ ತಳದವರೆಗೆ ಕೊರೆಯಬೇಕು. ಮೇಲಿನ ಬಣ್ಣವನ್ನಷ್ಟೇ ಕೆರೆದು ಕಳಿಸಿದ ಮಾದರಿಗೆ ಲ್ಯಾಬ್ ಕೊಡುವ ಉತ್ತರ ಬಣ್ಣದ ಬಗ್ಗೆಯೇ ಹೊರತು ಗೋಡೆಯ ಬಗ್ಗೆ ಅಲ್ಲ. ಚೂರನ್ನು ಜಿಪ್ ಚೀಲಕ್ಕೆ ಹಾಕಿ, ಹೊರಮೈ ಒರೆಸಿ, ಎರಡನೇ ಚೀಲದಲ್ಲಿಡಿ. ಚೀಲದ ಮೇಲೂ ನಕ್ಷೆಯಲ್ಲೂ ತೂತಿನ ಪಕ್ಕದಲ್ಲೂ ಒಂದೇ ಸಂಖ್ಯೆ ಇರಲಿ. ತೂತು ಮುಚ್ಚಿ ಫೋಟೋ ತೆಗೆಯಿರಿ. ಮುಂದಿನ ಮಾದರಿಗೆ ಹೋಗುವ ಮೊದಲು ಉಪಕರಣವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಆಸ್‌ಬೆಸ್ಟಾಸ್ ಕಸಕ್ಕೇ ಹಾಕಿ. ಒರೆಸದಿದ್ದರೆ ಒಂದರ ಎಳೆ ಇನ್ನೊಂದಕ್ಕೆ ಅಂಟಿ, ಇಲ್ಲದ ಕಡೆ ಇದೆ ಎಂಬ ಫಲಿತಾಂಶ ಬರುತ್ತದೆ. ಬಿದ್ದ ಧೂಳಿಗೆ ಪೊರಕೆಯಾಗಲಿ ಮನೆಯ ವ್ಯಾಕ್ಯೂಮ್ ಆಗಲಿ ಮುಟ್ಟಿಸಬಾರದು.

ಎಷ್ಟು ಮಾದರಿ ಎಂಬುದಕ್ಕೆ ಅಮೆರಿಕದಲ್ಲಿ ಶಾಲಾ ಕಟ್ಟಡಗಳಿಗಾಗಿ 1986ರ ಕಾನೂನಿನಡಿ ಬಂದ ನಿಯಮ ಒಳ್ಳೆಯ ಅಳತೆಗೋಲು. ಸಿಂಪಡಿಸಿದ ಅಥವಾ ಮೆತ್ತಿದ ಒಂದೇ ಬಗೆಯ ಲೇಪನ 1,000 ಚದರ ಅಡಿವರೆಗಿದ್ದರೆ ಕನಿಷ್ಠ 3 ಮಾದರಿ, 5,000 ಚದರ ಅಡಿವರೆಗೆ 5, ಅದಕ್ಕೂ ಮೀರಿದರೆ 7. ಲೇಪನವನ್ನು ಸ್ಥಳದಲ್ಲೇ ಕಲಸಿ ಹಾಕಿರುತ್ತಾರೆ, ಒಂದು ಬಾಂಡಲಿಯ ಪಾಕ ಇನ್ನೊಂದರಂತೆ ಇರುವುದಿಲ್ಲ. ಹಾಗಾಗಿ ಒಂದೇ ಮೂಲೆಯಿಂದ ಮೂರು ಚೂರು ತೆಗೆದರೆ ಅದು ಮೂರು ಮಾದರಿ ಆಗದು. ಖರ್ಚು ಉಳಿಸಲೆಂದು ಹಲವು ಚೂರುಗಳನ್ನು ಬೆರೆಸಿ ಒಂದೇ ಪರೀಕ್ಷೆ ಮಾಡಿಸುವುದನ್ನಂತೂ ಒಪ್ಪಲೇಬೇಡಿ.

ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ. ಬಹುತೇಕ ವಸ್ತುಗಳಿಗೆ ಇದು ಸಾಕು. ವಿನೈಲ್ ಟೈಲ್ಸ್‌ನಲ್ಲಿ ಮಾತ್ರ ಎಳೆಗಳು ಎಷ್ಟು ಸಣ್ಣವೆಂದರೆ ಇದರ ಕಣ್ಣಿಗೆ ಬೀಳದೇ ಹೋಗಬಹುದು. ಟೈಲ್ಸಿಗೆ ‘ಪತ್ತೆಯಾಗಿಲ್ಲ’ ಎಂದು ಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇನ್ನೊಮ್ಮೆ ನೋಡಿಸಿ. ಟೈಲ್ಸು ಮತ್ತು ಅಂಟಿನ ಫಲಿತಾಂಶ ಬೇರೆ ಬೇರೆ ಸಾಲಿನಲ್ಲಿರಬೇಕು.

ಸರ್ವೆಯರ್‌ಗೆ ಕಟ್ಟಡದ ವಿಳಾಸ ಕೊಟ್ಟರೆ ಸಾಲದು, ಕೆಲಸದ ನಕ್ಷೆ ಕೊಡಿ. ಅಡುಗೆಮನೆ ಮಾತ್ರ ಬದಲಿಸುತ್ತೇವೆ ಎಂದಾಗ ಸರ್ವೆಯೂ ಅಡುಗೆಮನೆಗೇ ಸೀಮಿತವಾಗುತ್ತದೆ, ಆದರೆ ಹೊಸ ಕೊಳವೆ ಪಕ್ಕದ ಕೋಣೆಯ ಗೋಡೆಯೊಳಗೆ ಹೋಗುತ್ತದೆ. ವಿನ್ಯಾಸ ಬದಲಾದರೆ ಸರ್ವೆಯೂ ಮುಂದುವರಿಯಬೇಕು. ನೋಡಲಾಗದ ಜಾಗಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಕಾರಣ ಮತ್ತು ಯಾವಾಗ ತೆರೆಯುತ್ತೇವೆ ಎಂಬ ದಿನ ಬರೆಸಿಕೊಳ್ಳಿ. ಕರೆಂಟ್ ಕಡಿದ ದಿನ ಫ್ಯೂಸ್ ಬೋರ್ಡು, ಸ್ಕ್ಯಾಫೋಲ್ಡಿಂಗ್ ಎದ್ದ ದಿನ ಚಾವಣಿ. ಆ ಸಾಲುಗಳು ಮುಗಿಯುವವರೆಗೆ ಆ ಭಾಗದಲ್ಲಿ ಸುತ್ತಿಗೆ ಎತ್ತುವಂತಿಲ್ಲ. ವರದಿಯ ಪ್ರತಿ ಎಂಜಿನಿಯರ್ ಮೇಜಿನಲ್ಲಿ ಉಳಿಯದೆ, ಸಂಖ್ಯೆ ಗುರುತಿಸಿದ ನಕ್ಷೆಯೊಂದಿಗೆ ಡ್ರಿಲ್ ಹಿಡಿಯುವವನ ಕೈಗೆ ತಲುಪಬೇಕು. ವರದಿಯಲ್ಲಿಲ್ಲದ ಬೂದು ಹಲಗೆಯೋ ನಾರಿನಂಥ ಪುಡಿಯೋ ಕಂಡರೆ ಕೆಲಸ ನಿಲ್ಲಿಸಿ, ಗುಡಿಸದೆ, ಬಾಗಿಲು ಮುಚ್ಚಿ, ಸರ್ವೆಯರ್‌ನನ್ನು ಕರೆಸುವ ಅಧಿಕಾರ ಅವನಿಗೇ ಇರಬೇಕು, ಮತ್ತು ಹಾಗೆ ನಿಲ್ಲಿಸಿದ ದಿನದ ಕೂಲಿ ಕಡಿತವಾಗುವುದಿಲ್ಲ ಎಂದು ಕೆಲಸ ಶುರುವಾಗುವ ಮೊದಲೇ ಹೇಳಿರಬೇಕು.